ವೃತ್ತಪತ್ರಿಕೆ ತರಗತಿಗೆ ಮೈಲಿಗೆಯೇ?

೨೦೨೪ರ ಆಗಸ್ಟ್ ತಿಂಗಳ ಹತ್ತನೆಯ ತಾರೀಖಿನ ರಾತ್ರಿ ತುಂಗಭದ್ರಾ ಜಲಾಶಯದ ಹತ್ತೊಂಬತ್ತನೆಯ ಕ್ರಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ಮೂವತ್ತಮೂರು ಗೇಟುಗಳ ಆ ಅಣೆಕಟ್ಟು ಆ ದಿನ ತುಂಬಿ ನಿಂತಿತ್ತು. ಕೊಪ್ಪಳ, ವಿಜಯನಗರ, ಬಳ್ಳಾರಿ, ರಾಯಚೂರು ಜಿಲ್ಲೆಗಳ ರೈತರಿಗೂ ಕೆಳಗಿನ ಆಂಧ್ರ, ತೆಲಂಗಾಣಗಳ ಅಚ್ಚುಕಟ್ಟಿನವರಿಗೂ ಆ ವಾರ ನಿದ್ರೆಯಿರಲಿಲ್ಲವೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅವರಲ್ಲಿ ಅನೇಕರು ಆ ನೀರಿನ ಆಶ್ರಯದಲ್ಲಿಯೇ ಬಾಳುವವರು.

ಆ ವಾರದಲ್ಲಿಯೇ ಕಾರಟಗಿಯ ಕಡೆಯ ಭಕ್ತರೊಬ್ಬರು ಮಗನನ್ನು ಕರೆದುಕೊಂಡು ಮಠಕ್ಕೆ ಬಂದರು. ಎಡದಂಡೆ ಕಾಲುವೆಯ ಕೆಳಗೆ ಅವರಿಗೆ ಭತ್ತದ ಗದ್ದೆ, ನಾಟಿ ಮುಗಿದಿತ್ತು. ಮಗನು ಇಂಜಿನಿಯರಿಂಗ್ ಕಾಲೇಜೊಂದರ ಸಿವಿಲ್ ವಿಭಾಗದಲ್ಲಿ ಮೂರನೆಯ ವರ್ಷಕ್ಕೆ ಕಾಲಿಟ್ಟವನು. ತಂದೆ ನಮ್ಮೆದುರಿನಲ್ಲಿಯೇ ಮಗನನ್ನು ಕೇಳಿದರು: “ನೀ ಇಂಜಿನಿಯರಿಂಗ್ ಓದಾಕ ಹತ್ತಿ ಎರಡು ವರ್ಷ ಆತು. ಉಳದ ಗೇಟು ತಡೀತಾವೋ ಇಲ್ಲೋ, ಅಜ್ಜಾರ ಮುಂದ ಹೇಳು.” ಹುಡುಗನು ತಲೆ ತಗ್ಗಿಸಿದನು. ಸ್ವಲ್ಪ ಹೊತ್ತಿನ ಮೇಲೆ, “ಕಾಲೇಜಿನ್ಯಾಗ ನಾ ಇದನ್ನ ಕೇಳಿದ್ನಿರಿ ಅಜ್ಜಾರ. ಅದು ಸಿಲಬಸ್‌ದಾಗ ಇಲ್ಲ, ಕುಂದ್ರು ಅಂದ್ರು” ಎಂದನು.

ಆ ಕಾಲೇಜು ಯಾವುದೆಂಬುದು ಇಲ್ಲಿ ಅಪ್ರಸ್ತುತ. ಆ ಉತ್ತರವನ್ನು ಕೊಡತಕ್ಕ ಕಾಲೇಜುಗಳು ನಾಡಿನಲ್ಲಿ ಎಷ್ಟಿವೆಯೆಂಬುದನ್ನು ಬಲ್ಲವರು ಬಲ್ಲರು. ನಮಗೆ ಅಂದು ತೋಚಿದ್ದು ಬೇರೆ. ಆ ಪ್ರಶ್ನೆ ನಿಜವಾಗಿಯೂ ಪಠ್ಯಕ್ರಮದಲ್ಲಿ ಇಲ್ಲವೇ? ನಾವು ಓದಿದ್ದು ತರ್ಕ ಮತ್ತು ತತ್ತ್ವಶಾಸ್ತ್ರ, ಜಲಶಾಸ್ತ್ರವಲ್ಲ. ಆದರೂ ನಿಂತ ನೀರು ಗೋಡೆಯನ್ನು ಎಷ್ಟು ಒತ್ತುತ್ತದೆಯೆಂಬ ಲೆಕ್ಕ ಇಂಜಿನಿಯರಿಂಗಿನ ಎರಡನೆಯ ವರ್ಷದಲ್ಲಿ ಇದೆಯೆಂಬಷ್ಟು ನಮಗೆ ತಿಳಿದಿತ್ತು. ಗೇಟಿನ ಅಗಲ ಸುಮಾರು ೬೦ ಅಡಿ, ಎತ್ತರ ಸುಮಾರು ೨೦ ಅಡಿ ಎಂದು ತಂದೆಯ ಕೈಯಲ್ಲಿದ್ದ ಪತ್ರಿಕೆಯಲ್ಲಿ ಅಚ್ಚಾಗಿತ್ತು. “ತಮ್ಮಾ, ನಿನಗೆ ಕಲಿಸಿದ ಲೆಕ್ಕವನ್ನೇ ಇದಕ್ಕೆ ಹಚ್ಚು” ಎಂದೆವು. ಮಠದ ಪಡಸಾಲೆಯಲ್ಲಿ ಕುಳಿತು, ಜಾತ್ರೆಯ ಕರಪತ್ರದ ಹಿಂಬದಿಯಲ್ಲಿ ಹುಡುಗನು ಲೆಕ್ಕ ಮಾಡಿದನು. ಅಡಿಯನ್ನು ಮೀಟರಿಗೆ ತಂದನು. ಹದಿನೆಂಟೂ ಚಿಲ್ಲರೆ ಅಗಲ, ಆರೂ ಚಿಲ್ಲರೆ ಎತ್ತರ. ಒತ್ತಡವು ಮೇಲ್ಮಟ್ಟದಲ್ಲಿ ಸೊನ್ನೆ, ತಳದಲ್ಲಿ ಪೂರ್ಣ. ಆದುದರಿಂದ ಸರಾಸರಿಗೆ ಅರ್ಧ. ಗುಣಿಸಿ ನೋಡಿದರೆ ನೀರು ಗೇಟಿನ ಅಂಚಿನವರೆಗೆ ನಿಂತಾಗ ಗೇಟೊಂದರ ಮೇಲೆ ಬೀಳುವ ಭಾರ ಸುಮಾರು ೩೪೦ ಟನ್. ಹತ್ತು ಗಾಲಿಯ ತುಂಬಿದ ಲಾರಿಗಳು ಹನ್ನೆರಡನ್ನು ಒಟ್ಟಿಗೆ ಗೇಟಿನ ಬೆನ್ನಿಗೆ ಒರಗಿಸಿದಂತೆ.

ಹುಡುಗನು ಆ ಅಂಕಿಯನ್ನು ಬಹಳ ಹೊತ್ತು ನೋಡಿದನು. ಆ ವಿಷಯದಲ್ಲಿ ತನಗೆ ಎಂಬತ್ತಕ್ಕೂ ಹೆಚ್ಚು ಅಂಕ ಬಂದಿದ್ದುವೆಂದು ಆಮೇಲೆ ಹೇಳಿದನು. ಸೂತ್ರ ಅವನಿಗೆ ಗೊತ್ತಿತ್ತು. ಆ ಸೂತ್ರವೂ ತನ್ನ ತಂದೆಯ ಗದ್ದೆಗೆ ನೀರು ತಡೆದು ನಿಲ್ಲಿಸಿದ ಆ ಕಬ್ಬಿಣವೂ ಒಂದೇ ವಿಷಯವೆಂಬುದು ಗೊತ್ತಿರಲಿಲ್ಲ. ಎಂಬತ್ತು ಅಂಕಗಳ ವಿದ್ಯೆಗೆ ಇದಕ್ಕಿಂತ ಹೆಚ್ಚಿನ ದಾರಿದ್ರ್ಯ ಬೇರೆ ಏನಿದೆ?

ವಿಚಾರ ಅಲ್ಲಿಗೇ ನಿಲ್ಲಲಿಲ್ಲ. “ಹಾಗಾದರೆ ಸರಪಳಿ ಈ ೩೪೦ ಟನ್ನನ್ನು ಹೊತ್ತಿತ್ತೇ?” ಎಂದು ಕೇಳಿದೆವು. ಮೊದಲು ಹೌದೆಂದನು. ಚಿತ್ರ ಬರೆದು ನೋಡಿ, ಅಲ್ಲವೆಂದನು. ನೀರಿನ ಒತ್ತು ಅಡ್ಡಲಾಗಿ ಹೋಗಿ ಎರಡು ಬದಿಯ ಕಲ್ಲಿನ ಕಂಬಗಳ ಮೇಲೆ ಬೀಳುತ್ತದೆ. ಸರಪಳಿ ಹೊರುವುದು ಗೇಟಿನ ಸ್ವಂತ ತೂಕವನ್ನು, ಎತ್ತುವಾಗ ಅದರ ಜೊತೆಗೆ ಘರ್ಷಣೆಯನ್ನು. ಆದುದರಿಂದ ಸರಪಳಿ ಕಡಿದದ್ದಕ್ಕೆ ಉತ್ತರವನ್ನು ನೀರಿನಲ್ಲಿ ಹುಡುಕಿದರೆ ಸಾಲದು, ಲೋಹದಲ್ಲಿ ಹುಡುಕಬೇಕು. ೧೯೫೩ರಲ್ಲಿ ಮುಗಿದ ಕಟ್ಟೆ ಅದು. ಏಳು ದಶಕ ನೀರಿನಲ್ಲಿ ನೆಂದು ಬಿಸಿಲಿನಲ್ಲಿ ಒಣಗಿದ ಕೊಂಡಿಗೆ ತುಕ್ಕು ಏನು ಮಾಡುತ್ತದೆ, ಮತ್ತೆ ಮತ್ತೆ ಎಳೆದು ಬಿಟ್ಟ ಲೋಹ ಹೇಗೆ ದಣಿಯುತ್ತದೆ ಎಂದು ಕೇಳಿದಾಗ ಹುಡುಗನು, “ಅದು ಬ್ಯಾರೆ ಸಬ್ಜೆಕ್ಟರಿ ಅಜ್ಜಾರ” ಎಂದನು. ನಿಜ. ಕಾಲೇಜಿನಲ್ಲಿ ಅದು ಬೇರೆ ವಿಷಯ, ಬೇರೆ ಅಧ್ಯಾಪಕರು, ಬೇರೆ ಗಂಟೆ. ಅಣೆಕಟ್ಟಿನಲ್ಲಿ ಮಾತ್ರ ಅವೆರಡೂ ಒಂದೇ ಕೊಂಡಿಯಲ್ಲಿ ಕೂಡಿಕೊಂಡಿದ್ದುವು.

ನಡೆದ ಘಟನೆಯನ್ನು ತರಗತಿಗೆ ತರುವುದು ಹುಡುಗರ ಮನಸ್ಸನ್ನು ರಂಜಿಸುವ ಉಪಾಯ, ಬೇಸರ ಕಳೆಯುವ ಉಪ್ಪಿನಕಾಯಿ, ಎಂದು ತಿಳಿದವರು ಬಹಳ ಮಂದಿಯಿದ್ದಾರೆ. ಪರವಾಗಿ ಮಾತನಾಡುವವರೂ ಹಾಗೆಯೇ ತಿಳಿದಿದ್ದಾರೆಂಬುದು ಇನ್ನೂ ದೊಡ್ಡ ದೌರ್ಭಾಗ್ಯ. ಇದು ಒಪ್ಪತಕ್ಕ ಮಾತಲ್ಲ. ನಮ್ಮ ಪಾಠಶಾಲೆಗಳಲ್ಲಿ ತರ್ಕವನ್ನು ಓದಿದ ಹಳೆಯ ವಿದ್ಯಾರ್ಥಿಗಳಿಗೆ ಪಂಚಾವಯವಗಳು ನೆನಪಿರಬೇಕು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದ ಮೇಲೆ ಬೆಂಕಿಯಿದೆಯೆಂಬುದು ಪ್ರತಿಜ್ಞೆ, ಹೊಗೆ ಕಾಣುವುದು ಹೇತು, ಅಡುಗೆಮನೆ ಉದಾಹರಣೆ. ಇಲ್ಲಿ ಉದಾಹರಣೆಯು ವಾಕ್ಯಕ್ಕೆ ತೊಡಿಸಿದ ಆಭರಣವಲ್ಲ, ವಾಕ್ಯದ ಅಂಗ. ಅದಿಲ್ಲದೆ ಅನುಮಾನವೇ ಪೂರ್ಣವಾಗದು. ಲೌಕಿಕನೂ ಪರೀಕ್ಷಕನೂ ಯಾವುದರಲ್ಲಿ ಒಂದೇ ಬುದ್ಧಿಯುಳ್ಳವರಾಗಿರುತ್ತಾರೋ ಅದೇ ದೃಷ್ಟಾಂತವೆಂಬುದು ನ್ಯಾಯಸೂತ್ರಕಾರರ ಅಭಿಪ್ರಾಯ. ಅಂದರೆ ಹಳ್ಳಿಯ ರೈತನೂ ಜಲಶಾಸ್ತ್ರದ ಪ್ರಾಧ್ಯಾಪಕನೂ ಒಟ್ಟಿಗೆ ನೋಡಿ ಒಪ್ಪಬಲ್ಲ ವಸ್ತು. ಹತ್ತೊಂಬತ್ತನೆಯ ಗೇಟಿಗಿಂತ ಉತ್ತಮ ದೃಷ್ಟಾಂತವನ್ನು ಯಾವ ಪಠ್ಯಪುಸ್ತಕ ಕೊಟ್ಟೀತು? ನಾಲ್ಕನೆಯದಾದ ಉಪನಯವೆಂದರೆ ಆ ನಿಯಮವನ್ನು ಮತ್ತೆ ಕಣ್ಣೆದುರಿನ ವಸ್ತುವಿಗೆ ತಂದು ಹೊಂದಿಸುವುದು. ಇಂದಿನ ತಾಂತ್ರಿಕ ಶಿಕ್ಷಣದಲ್ಲಿ ಪ್ರತಿಜ್ಞೆಯಿದೆ, ಹೇತುವಿದೆ, ಒಡನೆಯೇ ಪರೀಕ್ಷೆಯಿದೆ. ನಡುವಿನ ಎರಡು ಅಂಗಗಳನ್ನು ಕಡಿದುಹಾಕಿ, ಕುಂಟುವ ಹುಡುಗನನ್ನು ನೋಡಿ ‘ಆಸಕ್ತಿಯಿಲ್ಲ’ ಎಂದು ದೂರುತ್ತಿದ್ದೇವೆ.

ಪಠ್ಯಪುಸ್ತಕಗಳಲ್ಲಿ ಉದಾಹರಣೆಗಳಿಲ್ಲವೇ ಎಂದು ಕೇಳಬಹುದು. ಇವೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ೧೯೪೦ರ ನವೆಂಬರಿನಲ್ಲಿ ಗಾಳಿಗೆ ತೂಗಾಡಿ ಬಿದ್ದ ಟಕೋಮಾ ಸೇತುವೆಯ ಚಿತ್ರವನ್ನು ಎಂಟು ದಶಕಗಳಿಂದ ಲೋಕದ ಇಂಜಿನಿಯರಿಂಗ್ ವಿದ್ಯಾರ್ಥಿಗಳೆಲ್ಲ ನೋಡುತ್ತ ಬಂದಿದ್ದಾರೆ. ಅದು ಕೇವಲ ಅನುನಾದದಿಂದ ಬಿದ್ದಿತೆಂದು ಎಷ್ಟೋ ಪುಸ್ತಕಗಳು ಇನ್ನೂ ಬರೆಯುತ್ತಿವೆ. ಸೇತುವೆಯ ಚಲನೆಯೇ ಗಾಳಿಯಿಂದ ಮತ್ತಷ್ಟು ಶಕ್ತಿಯನ್ನು ಸೆಳೆದುಕೊಂಡು ತನ್ನನ್ನು ತಾನೇ ಬೆಳೆಸಿಕೊಂಡಿತೆಂದು ಬಲ್ಲವರು ತಿದ್ದಿ ಬಹಳ ಕಾಲವಾಯಿತು. ಹಳಸಿದ ಉದಾಹರಣೆಯ ದೋಷವೇ ಇದು. ಯಾರೂ ಅದನ್ನು ಮತ್ತೆ ಪರೀಕ್ಷಿಸುವುದಿಲ್ಲ. ಗುಜರಾತಿನ ಮೋರ್ಬಿಯಲ್ಲಿ ೨೦೨೨ರ ಅಕ್ಟೋಬರ್ ೩೦ರಂದು ತೂಗುಸೇತುವೆ ಕಡಿದು ೧೩೫ ಜನ ಸತ್ತರು. ಅದರ ಹಗ್ಗದ ನಲವತ್ತೊಂಬತ್ತು ತಂತಿಗಳಲ್ಲಿ ಇಪ್ಪತ್ತೆರಡು ತುಕ್ಕು ಹಿಡಿದಿದ್ದುವೆಂದು ವಿಶೇಷ ತನಿಖಾ ತಂಡ ವರದಿ ಮಾಡಿತು. ಉಳಿದ ಇಪ್ಪತ್ತೇಳು ತಂತಿಗಳ ಮೇಲೆ ಬಿದ್ದ ಭಾರ ಎಷ್ಟೆಂದು ಲೆಕ್ಕ ಮಾಡಿಸಲು ಯಾವ ಚಲನಚಿತ್ರವೂ ಬೇಕಾಗಿಲ್ಲ.

ಇನ್ನು ನಮ್ಮ ಮಿತ್ರರ ಆಕ್ಷೇಪಣೆಗಳಿಗೆ ಬರೋಣ. ಮೊದಲನೆಯದು, ತತ್ತ್ವ ನಿತ್ಯ, ಘಟನೆ ಅನಿತ್ಯ. ಅನಿತ್ಯದ ಬೆನ್ನು ಹತ್ತಿ ನಿತ್ಯವನ್ನು ಕೆಡಿಸಬಾರದೆಂಬುದು. ಈ ಮಾತನ್ನು ಹೇಳಿದ ಪ್ರಾಚಾರ್ಯರು ನಮ್ಮ ಮುಖ ನೋಡಿ ಮುಗುಳ್ನಕ್ಕರು. ಸನ್ಯಾಸಿಯ ಬಾಯಿಯನ್ನು ಸನ್ಯಾಸಿಯ ಮಾತಿನಿಂದಲೇ ಕಟ್ಟಿದೆನೆಂಬ ತೃಪ್ತಿ ಅವರಿಗಿತ್ತು. ಆದರೆ ಅನಿತ್ಯದಲ್ಲಿ ಕಾಣಿಸಿಕೊಳ್ಳದ ನಿತ್ಯವನ್ನು ವಿದ್ಯಾರ್ಥಿಯು ಯಾವ ದ್ವಾರದಿಂದ ಪ್ರವೇಶಿಸಬೇಕು? ಮೇಲಾಗಿ ಅವರ ಕಾಲೇಜಿನ ಪ್ರಯೋಗಶಾಲೆಯಲ್ಲಿ ತಂತ್ರಾಂಶಗಳನ್ನು ನಾಲ್ಕೈದು ವರ್ಷಗಳಿಗೊಮ್ಮೆ ಬದಲಾಯಿಸುತ್ತಾರೆ. ಆ ಅನಿತ್ಯದ ಮೇಲೆ ಲಕ್ಷಗಟ್ಟಲೆ ವೆಚ್ಚ ಮಾಡುವಾಗ ಈ ವೈರಾಗ್ಯ ಎಲ್ಲಿ ಅಡಗಿರುತ್ತದೆಯೋ ತಿಳಿಯದು.

ಎರಡನೆಯದು ಪರೀಕ್ಷೆಯ ನೆಪ. ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆ ನಮ್ಮ ಕೈಯಲ್ಲಿಲ್ಲ, ಐದು ಘಟಕಗಳನ್ನು ಮುಗಿಸುವುದರೊಳಗೆ ಉಸಿರು ಕಟ್ಟುತ್ತದೆ, ಎಂದು ಅಧ್ಯಾಪಕರು ಹೇಳುವುದು. ಅವರ ಕಷ್ಟ ಸುಳ್ಳೆಂದು ನಾವು ಹೇಳೆವು. ಆದರೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ೨೦೨೨ರ ಯೋಜನೆಯಲ್ಲಿ ನೂರಕ್ಕೆ ಐವತ್ತು ಅಂಕಗಳ ತೂಕ ಕಾಲೇಜಿನ ಆಂತರಿಕ ಮೌಲ್ಯಮಾಪನಕ್ಕೇ ಬಂದಿದೆ. ಸ್ವಾಯತ್ತತೆ ಪಡೆದ ಕಾಲೇಜುಗಳು ಪ್ರಶ್ನೆಪತ್ರಿಕೆಯನ್ನೇ ತಾವು ಸಿದ್ಧಪಡಿಸಿಕೊಳ್ಳುತ್ತವೆ. ಕೈಯಲ್ಲಿರುವ ಈ ಅರ್ಧವನ್ನು ನಾವು ಯಾವುದಕ್ಕೆ ಬಳಸುತ್ತಿದ್ದೇವೆ? ‘ವ್ಯಾಖ್ಯೆ ಬರೆಯಿರಿ’, ‘ವ್ಯತ್ಯಾಸಗಳನ್ನು ಪಟ್ಟಿ ಮಾಡಿರಿ’ ಎಂಬ ಅಸೈನ್‌ಮೆಂಟುಗಳಿಗೆ. ೨೦೨೨ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಎಂಬ ಯಂತ್ರ ಲೋಕಕ್ಕೆ ಬಂದ ಮೇಲೆ ಅಂತಹ ಉತ್ತರಗಳನ್ನು ಹುಡುಗನು ಬರೆಯಬೇಕಾಗಿಯೂ ಇಲ್ಲ, ಓದಬೇಕಾಗಿಯೂ ಇಲ್ಲ. ಯಂತ್ರ ಬರೆಯುತ್ತದೆ, ಅಧ್ಯಾಪಕರು ಸಹಿ ಹಾಕುತ್ತಾರೆ. ಅದಕ್ಕೆ ಬದಲಾಗಿ, ಹರಿದ ಗೇಟಿನ ಬಾಯಿಯಿಂದ ಇಷ್ಟು ಸಾವಿರ ಕ್ಯೂಸೆಕ್ ನೀರು ಹೋಯಿತೆಂದು ಪತ್ರಿಕೆಗಳು ಬರೆದುವಲ್ಲ, ಆ ಅಂಕಿ ನಿಮ್ಮ ಸೂತ್ರಕ್ಕೆ ಹೊಂದುತ್ತದೆಯೇ, ಹೊಂದದಿದ್ದರೆ ತಪ್ಪು ಪತ್ರಿಕೆಯದೋ ನೀವು ಭಾವಿಸಿಕೊಂಡ ಅಳತೆಯದೋ ಎಂದು ಕೇಳಿ, ಉತ್ತರವನ್ನು ಕರಿಹಲಗೆಯ ಮುಂದೆ ನಿಂತು ಸಮರ್ಥಿಸಲಿ ಎನ್ನಿರಿ. ಯಂತ್ರ ಬರೆದುಕೊಟ್ಟರೂ ಸಮರ್ಥಿಸಲು ಹುಡುಗನೇ ನಿಲ್ಲಬೇಕು.

ಮೂರನೆಯದು, ಇದು ಸಿವಿಲ್ ವಿಭಾಗಕ್ಕೆ ಸರಿ, ಉಳಿದವರಿಗೆ ಹೇಗೆ ಎಂಬುದು. ಇಂದು ಹುಡುಗರೆಲ್ಲ ಕಂಪ್ಯೂಟರ್ ವಿಭಾಗದ ಬಾಗಿಲಿನಲ್ಲಿಯೇ ಸಾಲು ನಿಂತಿರುವುದರಿಂದ ಉತ್ತರ ಹೇಳಲೇಬೇಕಾಗಿದೆ. ತುಂಗಭದ್ರೆಯ ಗೇಟು ಹೋಗುವುದಕ್ಕೆ ಮೂರು ವಾರ ಮೊದಲು, ೨೦೨೪ರ ಜುಲೈ ೧೯ರಂದು, ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ಸಂಸ್ಥೆ ಕಳುಹಿಸಿದ ಸಣ್ಣದೊಂದು ಪರಿಷ್ಕರಣದಿಂದ ಲೋಕದಾದ್ಯಂತ ಸುಮಾರು ೮೫ ಲಕ್ಷ ವಿಂಡೋಸ್ ಗಣಕಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟುವು. ಆಸ್ಪತ್ರೆಗಳು, ಬ್ಯಾಂಕುಗಳು, ವಿಮಾನ ನಿಲ್ದಾಣಗಳು ತತ್ತರಿಸಿದುವು. ಭಾರತದಲ್ಲಿಯೂ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಟ್ಟರು. ಕಾರಣವನ್ನು ಆ ಸಂಸ್ಥೆಯೇ ಆಮೇಲೆ ಪ್ರಕಟಿಸಿತು. ತಂತ್ರಾಂಶದ ಒಂದು ಭಾಗ ಇಪ್ಪತ್ತೊಂದು ಮೌಲ್ಯಗಳನ್ನು ನಿರೀಕ್ಷಿಸುತ್ತಿತ್ತು. ಇನ್ನೊಂದು ಭಾಗ ಇಪ್ಪತ್ತನ್ನೇ ಒದಗಿಸುತ್ತಿತ್ತು. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ಯಂತ್ರ ತನ್ನ ಎಲ್ಲೆ ಮೀರಿ ಕಾಲಿಟ್ಟಿತು. ಆ ತಂತ್ರಾಂಶ ಗಣಕದ ಒಳಗರ್ಭದಲ್ಲಿ, ಕರ್ನಲ್ ಎನ್ನುವ ಸ್ಥಾನದಲ್ಲಿ, ಕೆಲಸ ಮಾಡುತ್ತಿದ್ದುದರಿಂದ ಅದು ಬಿದ್ದಾಗ ಇಡೀ ಗಣಕವೇ ಬಿದ್ದಿತು.

ಸಿ ಭಾಷೆಯನ್ನು ಕಲಿಸುವ ಮೊದಲನೆಯ ವರ್ಷದಲ್ಲಿಯೇ ಅರೇಯ ಎಲ್ಲೆಯನ್ನು ಮೀರಬಾರದೆಂದು ಪಾಠವಿದೆ. ಹುಡುಗರು ಅದನ್ನು ಎರಡು ಅಂಕದ ಪ್ರಶ್ನೆಯೆಂದು ಬರೆದು ಮರೆಯುತ್ತಾರೆ. ಜುಲೈ ೧೯ರ ಮರುದಿನ ಅದೇ ಪಾಠವನ್ನು ಆ ಕೈಬರಹದ ಪಾಸಿನ ಚಿತ್ರವನ್ನಿಟ್ಟುಕೊಂಡು ಪ್ರಾರಂಭಿಸಿದ್ದರೆ? ಮೊದಲು ಕೆಲವೇ ಗಣಕಗಳಿಗೆ ಕಳುಹಿಸಿ, ಪರೀಕ್ಷಿಸಿ, ಆಮೇಲೆ ಉಳಿದವಕ್ಕೆ ಏಕೆ ಕಳುಹಿಸಲಿಲ್ಲವೆಂಬ ಪ್ರಶ್ನೆ ತಾನಾಗಿಯೇ ಏಳುತ್ತಿತ್ತು. ಅದು ಮೂರನೆಯ ವರ್ಷದ ಪಾಠ. ಒಂದೇ ಸಂಸ್ಥೆಯ ಒಂದೇ ಕಾವಲುಗಾರನನ್ನು ಊರಿಗೆಲ್ಲ ನೇಮಿಸಿಕೊಂಡರೆ ಏನಾಗುತ್ತದೆಯೆಂಬುದು ಯಾವ ವರ್ಷದ ಪಾಠವೋ ನಮಗೆ ತಿಳಿಯದು, ಆದರೆ ನಾಳೆ ಬೆಂಗಳೂರಿನಲ್ಲಿ ಈ ಹುಡುಗರು ಮಾಡಬೇಕಾಗಿರುವ ಕೆಲಸ ಅದೇ.

ವಿದ್ಯುನ್ಮಾನ ವಿಭಾಗದವರಿಗೆ ನಮ್ಮ ನೆರೆಯಲ್ಲಿಯೇ ನಡೆದದ್ದೊಂದಿದೆ. ಅದನ್ನು ನಾವು ಮರೆಯಲಾರೆವು. ೨೦೨೩ರ ಫೆಬ್ರವರಿ ೮ರಂದು ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ರೈಲು ಹೋಗಬೇಕಾದ ಮಾರ್ಗ ಒಂದು, ಹಳಿ ತಿರುಗಿದ್ದ ಮಾರ್ಗ ಇನ್ನೊಂದು. ಚಾಲಕರು ಎಚ್ಚರವಾಗಿದ್ದು ಗಾಡಿಯನ್ನು ನಿಲ್ಲಿಸಿದುದರಿಂದ ಅನಾಹುತ ತಪ್ಪಿತು. ಸಿಗ್ನಲಿಂಗ್ ವ್ಯವಸ್ಥೆಯಲ್ಲಿ ಗಂಭೀರ ಲೋಪವಿದೆ, ಸರಿಪಡಿಸದಿದ್ದರೆ ದೊಡ್ಡ ಅಪಘಾತಗಳಾಗಬಹುದು ಎಂದು ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಒಡನೆಯೇ ಬರೆದರು. ಯಾರೂ ಸಾಯದಿದ್ದುದರಿಂದ ಅದು ಸುದ್ದಿಯೇ ಆಗಲಿಲ್ಲ. ನಾಲ್ಕು ತಿಂಗಳು ಕಳೆಯುವುದರೊಳಗೆ, ಜೂನ್ ೨ರಂದು, ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಾಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ ಎಕ್ಸ್‌ಪ್ರೆಸ್ ಮುಖ್ಯ ಮಾರ್ಗದ ಹಸಿರು ದೀಪ ಕಂಡು ವೇಗದಿಂದ ಬಂದು ಬದಿಯ ಹಳಿಗೆ ತಿರುಗಿ ನಿಂತಿದ್ದ ಸರಕು ಗಾಡಿಗೆ ಬಡಿಯಿತು. ಇನ್ನೂರ ತೊಂಬತ್ತಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್ ಮಂಡಲದಲ್ಲಿ ಹಿಂದೆ ಮಾಡಿದ ಬದಲಾವಣೆಯ ಲೋಪ, ಅಂದಿನ ಗೇಟು ದುರಸ್ತಿಯ ಕಾಲದ ಲೋಪ ಇವೇ ಕಾರಣವೆಂದು ರೈಲ್ವೆ ಸುರಕ್ಷತಾ ಆಯುಕ್ತರು ಕಂಡುಕೊಂಡರು. ಎರಡು ಘಟನೆಗಳ ಕಾರಣ ಒಂದೇ ಎಂದು ನಾವು ಹೇಳುತ್ತಿಲ್ಲ. ಎರಡರಲ್ಲಿಯೂ ಮುರಿದ ನಿಯಮ ಮಾತ್ರ ಒಂದೇ: ಹಳಿ ಯಾವ ದಿಕ್ಕಿಗೆ ಭದ್ರವಾಗಿ ಕೂತಿದೆಯೋ ಆ ದಿಕ್ಕಿಗಲ್ಲದೆ ಬೇರೆಯದಕ್ಕೆ ಅನುಮತಿ ಹೊರಡಕೂಡದು. ಇದು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ ಎರಡನೆಯ ವರ್ಷದಲ್ಲಿ ಓದುವ ‘ಆಂಡ್’ ಗೇಟು. ಹಳಿ ಕೂತಿರಬೇಕು, ಬೀಗ ಬಿದ್ದಿರಬೇಕು, ಮಾರ್ಗ ಖಾಲಿಯಿರಬೇಕು. ಎಲ್ಲವೂ ನಿಜವಾದರೆ ಮಾತ್ರ ಹಸಿರು. ಸೊನ್ನೆ ಒಂದುಗಳ ಆ ಕೋಷ್ಟಕವನ್ನು ನಮ್ಮ ಹುಡುಗರು ಗಿಳಿಪಾಠ ಒಪ್ಪಿಸುತ್ತಾರೆ. ಕೋಷ್ಟಕದ ಒಂದು ಸಾಲು ತಪ್ಪಿದರೆ ಏನಾಗುತ್ತದೆಯೆಂದು ಫೆಬ್ರವರಿಯಲ್ಲಿಯೇ ತರಗತಿಯಲ್ಲಿ ವಿಚಾರ ಮಾಡಿದ್ದರೆ ಜೂನಿನ ಅಪಘಾತ ತಪ್ಪುತ್ತಿತ್ತೆಂದಲ್ಲ. ಯಾರೂ ಸಾಯದ ಸುದ್ದಿಯನ್ನು ಓದಬಲ್ಲ ಇಂಜಿನಿಯರುಗಳು ನಾಡಿನಲ್ಲಿ ಎಷ್ಟು ಮಂದಿ ತಯಾರಾಗುತ್ತಿದ್ದಾರೆಂಬುದೇ ನಮ್ಮ ಪ್ರಶ್ನೆ.

ನಾಲ್ಕನೆಯ ಆಕ್ಷೇಪಣೆ, ಘಟನೆಯೊಂದಿಗೆ ರಾಜಕೀಯ ಒಳಗೆ ಬರುತ್ತದೆಂಬುದು. ಇದರಲ್ಲಿ ಅರ್ಧ ಸತ್ಯವಿದೆ. ಗೇಟು ಮುರಿದ ಮರುದಿನ ಯಾರ ಸರ್ಕಾರ, ಯಾರ ಹೊಣೆಯೆಂಬ ಜಗಳ ಪತ್ರಿಕೆಗಳನ್ನು ತುಂಬಿತ್ತು. ಆ ಜಗಳವನ್ನೇ ತರಗತಿಗೆ ತಂದರೆ ಅದು ಪಾಠವಲ್ಲ. ಅಪಘಾತವಾದ ಮರುಗಂಟೆಯಲ್ಲಿಯೇ ಕಾರಣ ಘೋಷಿಸುವ ಚಪಲವೂ ಕೂಡದು. ಮೊದಲ ವಾರದಲ್ಲಿ ಕೇಳಬಹುದಾದ ಪ್ರಶ್ನೆ ಬೇರೆ, ತನಿಖೆಯ ವರದಿ ಬಂದ ಮೇಲೆ ಕೇಳಬೇಕಾದ ಪ್ರಶ್ನೆ ಬೇರೆ. ಸತ್ತವರ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿ ಹುಡುಗರ ಗಮನ ಸೆಳೆಯುವ ಉಪನ್ಯಾಸಕರನ್ನೂ ನಾವು ಕಂಡಿದ್ದೇವೆ. ಅದು ಬೋಧನೆಯಲ್ಲ, ಜಾತ್ರೆಯ ಗುಡಾರದಲ್ಲಿ ನಡೆಯುವ ಆಟ. ಆದರೆ ಅಡುಗೆಯಲ್ಲಿ ಕೈ ಸುಡುತ್ತದೆಯೆಂದು ಒಲೆಯನ್ನೇ ಹಚ್ಚದವನು ಮನೆಯವರಿಗೆ ಉಣ್ಣಿಸುವುದೇನನ್ನು?

ವರ್ತಮಾನವನ್ನು ಕಾಲೇಜುಗಳು ಪೂರ್ಣವಾಗಿ ಹೊರಗಿಟ್ಟಿವೆಯೆಂದರೂ ತಪ್ಪಾದೀತು. ಅದನ್ನು ಉತ್ಸವವನ್ನಾಗಿ ಒಳಗೆ ಬಿಟ್ಟುಕೊಂಡಿವೆ. ೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ-೩ರ ನೌಕೆ ಚಂದ್ರನ ಮೇಲೆ ಇಳಿದುದರ ಸ್ಮರಣೆಗಾಗಿ ಪ್ರತಿವರ್ಷ ಆ ದಿನ ರಂಗೋಲಿ, ಘೋಷಣೆ, ಭಾಷಣ. ಸಂತೋಷವೇ. ಆದರೆ ೨೦೧೯ರ ಸೆಪ್ಟೆಂಬರಿನಲ್ಲಿ ಅದರ ಅಣ್ಣ ಇಳಿಯಲಾರದೆ ಬಿದ್ದುದೇಕೆ, ನಾಲ್ಕು ವರ್ಷಗಳಲ್ಲಿ ಏನೇನನ್ನು ಬದಲಾಯಿಸಿದರು, ಎಂಬ ಪ್ರಶ್ನೆ ಆ ರಂಗೋಲಿಯ ಯಾವ ಮೂಲೆಯಲ್ಲಿಯೂ ಇರುವುದಿಲ್ಲ. ಇಳಿಯತಕ್ಕ ಸ್ಥಳವನ್ನು ಐನೂರು ಮೀಟರ್ ಚೌಕದಿಂದ ಸುಮಾರು ನಾಲ್ಕು ಕಿಲೋಮೀಟರ್ ಉದ್ದ, ಎರಡೂವರೆ ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು, ಕಾಲುಗಳನ್ನು ಬಲಪಡಿಸಿದರು, ಇಂಧನ ಹೆಚ್ಚಿಸಿದರು. ಹೇಗೆ ಗೆಲ್ಲುವುದೆಂದು ಯೋಚಿಸುವುದಕ್ಕೆ ಬದಲಾಗಿ ಏನೇನು ಕೆಡಬಹುದೆಂದು ಯೋಚಿಸಿ ರೂಪಿಸಿದೆವೆಂದು ಆಗಿನ ಇಸ್ರೋ ಅಧ್ಯಕ್ಷ ಸೋಮನಾಥರು ಬಹಿರಂಗವಾಗಿಯೇ ವಿವರಿಸಿದರು. ಬೆಂಗಳೂರಿನಿಂದ ನಡೆಸಿದ ಈ ಕಾರ್ಯದ ಈ ಭಾಗವನ್ನೇ ಬಿಟ್ಟು ನಾವು ದೀಪ ಹಚ್ಚುವುದನ್ನು ಮಾತ್ರ ಕಲಿತೆವು.

ಗೇಟು ಹೋದ ಐದು ವಾರಗಳ ಮೇಲೆ, ಸೆಪ್ಟೆಂಬರ್ ೧೫ರ ಇಂಜಿನಿಯರುಗಳ ದಿನಾಚರಣೆಗೆ ಸಾನ್ನಿಧ್ಯ ವಹಿಸಲು ಒಂದು ಕಾಲೇಜಿನವರು ನಮ್ಮನ್ನು ಕರೆದಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಮಾಲೆ ಹಾಕಿದೆವು. ಮೂವರು ಮಹನೀಯರು ಎರಡು ಗಂಟೆ ಮಾತನಾಡಿದರು. ಶಿಸ್ತು, ಸಮಯಪಾಲನೆ, ಮೇಣದ ಬತ್ತಿಯ ಕಥೆ ಎಲ್ಲವೂ ಬಂದುವು. ಹತ್ತೊಂಬತ್ತನೆಯ ಗೇಟು ಬರಲಿಲ್ಲ. ವಿಶ್ವೇಶ್ವರಯ್ಯನವರು ಮೊದಲು ಹೆಸರಾದದ್ದು ಯಾವುದರಿಂದ? ೧೯೦೩ರಲ್ಲಿ ಪುಣೆಯ ಬಳಿಯ ಖಡಕವಾಸಲಾ ಜಲಾಶಯಕ್ಕೆ ಅಳವಡಿಸಿದ ಸ್ವಯಂಚಾಲಿತ ಗೇಟುಗಳಿಂದ! ೧೯೦೮ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ಹಾಳಾದಾಗ ಆ ಘಟನೆಯನ್ನೇ ಪಠ್ಯವನ್ನಾಗಿಸಿಕೊಂಡು ಮಳೆ, ಹರಿವು, ಪ್ರವಾಹಗಳ ಲೆಕ್ಕ ತೆಗೆದು, ನಗರವನ್ನು ಕಾಯಲು ಮೇಲೆ ಜಲಾಶಯಗಳನ್ನು ಕಟ್ಟಬೇಕೆಂದು ಹೇಳಿದವರು ಅವರು. ಗೇಟಿನಿಂದ ಹೆಸರಾದವರಿಗೆ ಮಾಲೆ ಹಾಕಿ ಗೇಟಿನ ಮಾತನ್ನೇ ಎತ್ತದ ಆ ಸಭೆಯಲ್ಲಿ ಆಶೀರ್ವಚನದ ವೇಳೆಗೆ ನಾವು ಅದನ್ನು ಎತ್ತಿದೆವು. ಹಿಂದಿನ ಸಾಲಿನ ಹುಡುಗರು ಮೊದಲ ಬಾರಿಗೆ ತಲೆ ಎತ್ತಿದರು. ಮುಂದಿನ ಸಾಲಿನವರು ಗಡಿಯಾರ ನೋಡಿದರು.

ಆ ಗೇಟಿನ ಜಾಗದಲ್ಲಿ ವಾರದೊಳಗೆ, ಹರಿಯುವ ನೀರಿನಲ್ಲಿಯೇ, ತಾತ್ಕಾಲಿಕ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ನೀರನ್ನು ತಡೆದ ಕೆಲಸಕ್ಕೆ ಮಾರ್ಗದರ್ಶನ ಮಾಡಿದವರು ಕನ್ನಯ್ಯ ನಾಯ್ಡು ಅವರು. ಗೇಟುಗಳಲ್ಲಿಯೇ ಆಯುಷ್ಯ ಕಳೆದ ವೃದ್ಧ ತಜ್ಞರು. ನಮ್ಮ ಭಾಗದ ಎಷ್ಟು ಕಾಲೇಜುಗಳು ಅವರನ್ನಾಗಲಿ, ಅಲ್ಲಿ ಕ್ರೇನು ನಡೆಸಿದವರನ್ನಾಗಲಿ, ಹಲಗೆ ಬೆಸೆದವರನ್ನಾಗಲಿ ಕರೆದು ಹುಡುಗರ ಮುಂದೆ ಕೂರಿಸಿ, ‘ಹೇಗೆ ಮಾಡಿದಿರಿ?’ ಎಂದು ಕೇಳಿದುವು? ಸನ್ಮಾನದ ಶಾಲು ಹೊದಿಸುವುದಕ್ಕಲ್ಲ, ಪ್ರಶ್ನೆ ಕೇಳುವುದಕ್ಕೆ.

ಇದನ್ನೆಲ್ಲ ಮಠದ ಪತ್ರಿಕೆಯಲ್ಲಿ ಏಕೆ ಬರೆಯಬೇಕೆಂದು ಕೆಲವರಿಗೆ ತೋರಬಹುದು. ಕಾರಣ ಸ್ಪಷ್ಟ. ಇದನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ನೀರಾವರಿ ಇಲಾಖೆಯಲ್ಲಿದ್ದವರಿದ್ದಾರೆ, ರೈಲ್ವೆಯಲ್ಲಿರುವವರಿದ್ದಾರೆ, ಬೆಂಗಳೂರಿನ ಕಂಪನಿಗಳಲ್ಲಿ ಜುಲೈ ೧೯ರ ರಾತ್ರಿಯೆಲ್ಲ ಒಂದೊಂದೇ ಗಣಕವನ್ನು ಕೈಯಿಂದ ಎಬ್ಬಿಸಿದವರೂ ಇದ್ದಿರಬೇಕು. ಭಕ್ತರಲ್ಲಿ ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿ ಕುಳಿತವರಿದ್ದಾರೆ. ಮಠಗಳು ದಾಸೋಹದ ಜೋಳ ಕೂಡಿಸಿ, ಮನೆ ಮನೆ ಬೇಡಿ, ಈ ನಾಡಿನಲ್ಲಿ ತಾಂತ್ರಿಕ ಕಾಲೇಜುಗಳನ್ನು ಕಟ್ಟಿದ್ದು ರೈತರ ಮಕ್ಕಳಿಗಾಗಿ. ಆ ರೈತನು ಮಗನನ್ನು ಒಂದು ಪ್ರಶ್ನೆ ಕೇಳಿದಾಗ ಮಗನು ತಲೆ ತಗ್ಗಿಸುವುದಾದರೆ ಕಟ್ಟಿದವರೂ ತಗ್ಗಿಸಬೇಕಾಗುತ್ತದೆ.

ನಾವು ಕೇಳುವುದು ಬಹಳವಿಲ್ಲ. ಪ್ರತಿ ವಿಷಯದಲ್ಲಿಯೂ ಆಂತರಿಕ ಐವತ್ತು ಅಂಕಗಳಲ್ಲಿ ಹತ್ತನ್ನಾದರೂ ಆ ಅವಧಿಯಲ್ಲಿ ನಡೆದ ಒಂದು ಘಟನೆಯ ಮೇಲೆ ಹುಡುಗನು ಮಾಡಿದ ಲೆಕ್ಕಕ್ಕೆ ಮೀಸಲಿಡಲಿ. ಘಟನೆಯನ್ನು ಅಧ್ಯಾಪಕರೇ ಆರಿಸಲಿ. ಅವರಿಗೆ ಹೊಳೆಯದಿದ್ದರೆ ಹುಡುಗರನ್ನು ಕೇಳಲಿ, ಅವರಿಗೆ ಹೊಳೆಯುತ್ತದೆ. ಎರಡು ವಿಭಾಗಗಳ ಅಧ್ಯಾಪಕರು ತಿಂಗಳಿಗೊಮ್ಮೆ ಒಂದೇ ಗಂಟೆಯಲ್ಲಿ ಒಟ್ಟಿಗೆ ನಿಂತು, ನೀರಿನ ಪಾಠವನ್ನೂ ಲೋಹದ ಪಾಠವನ್ನೂ ಒಂದ��� ಕೊಂಡಿಯ ಮೇಲೆ ನಡೆಸಲಿ. ಹಾಗೆ ಮಾಡಹೋದ ಅಧ್ಯಾಪಕನಿಗೆ ಘಟಕ ಮುಗಿಸಲಿಲ್ಲವೆಂದು ನೋಟೀಸು ಕೊಡದಿರಲಿ. ಇಂತಹ ನೋಟೀಸನ್ನು ಪಡೆದ ತರುಣನೊಬ್ಬನು ನಮ್ಮ ಬಳಿ ಬಂದು ಅತ್ತುದುಂಟು.

ಈ ಮೂರು ಮಾತುಗಳನ್ನು ಬರಹದಲ್ಲಿ ಮಾಡಿ ನಮ್ಮದೇ ವಿದ್ಯಾಸಂಸ್ಥೆಯ ಆಡಳಿತ ಮಂಡಳಿಯ ಸಭೆಯ ಮುಂದೆ ಇಟ್ಟೆವು. ಎಲ್ಲರೂ ಕೈಮುಗಿದು ಒಪ್ಪಿದರು. ಅಧ್ಯಯನ ಮಂಡಳಿಗೆ ಕಳುಹಿಸಬೇಕೆಂದು ನಿರ್ಣಯವಾಯಿತು. ಅಧ್ಯಯನ ಮಂಡಳಿಯವರು ಉಪಸಮಿತಿಯೊಂದನ್ನು ರಚಿಸಿದ್ದಾರೆ. ಉಪಸಮಿತಿಯ ಮೊದಲ ಸಭೆ ಎರಡು ಬಾರಿ ಮುಂದಕ್ಕೆ ಹೋಗಿದೆ. ಮುಂದಿನ ತಾರೀಖನ್ನು ಕೇಳಿ ಕಳೆದ ಸೋಮವಾರ ಮತ್ತೆ ಪತ್ರ ಬರೆದಿದ್ದೇವೆ.